ಗುಂಡಿ ಕಿತ್ತ ಅಂಗಿ, ವಾಪಸ್ ಬಂದ ಲೆಹೆಂಗಾ



ಡಿಸೆಂಬರ್ 6ರ ಕಾರ್ಯಕ್ರಮಕ್ಕೆ ಅಂತ ಮಾಡಿಕೊಂಡಿರುವ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ರಾತ್ರಿ ಒಂದು ಪೋಸ್ಟರ್ ಬಂತು. ಮೇಲೆ ನೀಲಿ ಕೋಟಿನ ಬಾಬಾಸಾಹೇಬರು. ಕೆಳಗೆ, ಪರಿನಿರ್ವಾಣ ದಿನದ ಅಂಗವಾಗಿ ಹಳೇ ಬಟ್ಟೆ ಸಂಗ್ರಹ ಅಭಿಯಾನ, ನಿಮ್ಮ ಮನೆಯಲ್ಲಿ ಬಳಸದೆ ಬಿಟ್ಟ ಬಟ್ಟೆ ತಂದು ಕೊಡಿ, ತಾಲ್ಲೂಕಿನ ಕಾಲೋನಿಗಳಿಗೆ ಹಂಚುತ್ತೇವೆ ಅಂತ. ನಾನು "ಇದು ಬೇಡ" ಅಂತ ಎರಡು ಪದ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಗ್ರೂಪು ಉರೀತಾ ಇತ್ತು. ಬಡವರಿಗೆ ನಾಲ್ಕು ಬಟ್ಟೆ ಸಿಕ್ಕರೆ ನಿಮಗೇನು ಸಂಕಟ ಅಂತ ಒಬ್ಬರು. ಚಳಿಗಾಲ, ಮಕ್ಕಳು ನಡುಗ್ತವೆ, ನಿಮ್ಮ ಸ್ವಾಭಿಮಾನ ಹೊದ್ದುಕೊಂಡು ಮಲಗೋಕಾಗುತ್ತಾ ಅಂತ ಇನ್ನೊಬ್ಬರು. (ಈ ಮಾತಿಗೆ 17 ಚಪ್ಪಾಳೆ.) ಕೊನೆಗೆ ಬೆಂಗಳೂರಲ್ಲಿ ಕೆಲಸದಲ್ಲಿರೋ ಒಬ್ಬ ತಮ್ಮ ಹೀಗೆ ಬರೆದ: "ಅಣ್ಣ, ನೀವು ಇನ್ನೂ ಹಳೇ ಕಾಲದಲ್ಲೇ ಇದ್ದೀರ. ಈಗ ಸೆಕೆಂಡ್ ಹ್ಯಾಂಡ್ ಅಂದ್ರೆ ಫ್ಯಾಶನ್. ನಮ್ಮ ಆಫೀಸಿನ ಬ್ರಾಹ್ಮಣರ ಹುಡುಗೀನೇ ಯಾರೋ ಹಾಕಿ ಬಿಟ್ಟ ಡ್ರೆಸ್ಸನ್ನ ಆ್ಯಪಲ್ಲಿ ಕೊಂಡು ಹಾಕ್ಕೊಂಡು ಬರ್ತಾಳೆ. ಹಳೇ ಬಟ್ಟೆಗೆ ಈಗ ಜಾತಿ ಎಲ್ಲಿದೆ?"

ಮಿಕ್ಕ ಮಾತುಗಳಿಗೆ ಗ್ರೂಪಲ್ಲೇ ಉತ್ತರ ಕೊಟ್ಟು ಮುಗಿಸಬಹುದಿತ್ತು. ಈ ಕೊನೇ ಪ್ರಶ್ನೆಗೆ ಮಾತ್ರ ಇಲ್ಲಿ, ಎಲ್ಲರ ಮುಂದೆ ಉತ್ತರ ಕೊಡ್ತೀನಿ. ಯಾಕಂದ್ರೆ ಹಳೇ ಬಟ್ಟೆಯ ಜಾತಿ ಎಲ್ಲಿದೆ ಅನ್ನೋದು ನಮ್ಮ ಮನೆ ಬಾಗಿಲಿಗೇ ಕೊರಿಯರ್‌ನಲ್ಲಿ ಬಂದಿತ್ತು.

ನಮ್ಮಕ್ಕನ ಮಗಳು ಬಿ.ಕಾಂ. ಮುಗಿಸಿ ತಿಪಟೂರಲ್ಲಿ ಒಂದು ಅಂಗಡೀಲಿ ಲೆಕ್ಕ ಬರೀತಾಳೆ. ಹೋದ ವರ್ಷ ಅವಳ ಅಕ್ಕನ ಮದುವೆಗೆ 4,200 ರೂಪಾಯಿ ಕೊಟ್ಟು ಒಂದು ಲೆಹೆಂಗಾ ತಗೊಂಡಿದ್ದಳು. ಗಿಳಿ ಹಸಿರು, ಕೆಂಪು ಅಂಚು. ರಿಸೆಪ್ಶನ್ ದಿನ ಸಂಜೆ ನಾಲ್ಕು ಗಂಟೆ ಹೊತ್ತು ಹಾಕಿದ್ದು ಬಿಟ್ಟರೆ ಅದು ಬೀರುವಿನಲ್ಲೇ ಇತ್ತು. ಈ ವರ್ಷ ಅವಳು ಅದನ್ನು ಹಳೇ ಬಟ್ಟೆ ಮಾರೋ ಒಂದು ಆ್ಯಪಿಗೆ ಹಾಕಿದಳು. ಆ್ಯಪಿನ ಹೆಸರು ಇಲ್ಲಿ ಬೇಡ, ನನ್ನ ಜಗಳ ಒಂದು ಕಂಪನಿ ಜೊತೆ ಅಲ್ಲ. ನಾಲ್ಕು ಕಡೆಯಿಂದ ಫೋಟೋ ತೆಗೀಬೇಕು. ಎಷ್ಟು ಸಲ ಹಾಕಿದ್ದು, ಎಲ್ಲಾದರೂ ಕಲೆ ಇದೆಯಾ, ಹುಕ್ಕು ಗುಂಡಿ ಎಲ್ಲಾ ಸರಿ ಇದಾವಾ ಅಂತ ಕೇಳುತ್ತೆ, ಎಲ್ಲದಕ್ಕೂ ಟಿಕ್ ಹಾಕಬೇಕು. 1,350 ರೂಪಾಯಿಗೆ ಇಟ್ಟಳು. ಮೂರನೇ ದಿನ ಬೆಂಗಳೂರಿನ ಒಬ್ಬರು ಕೊಂಡರು. ಅದಕ್ಕೂ ಮುಂಚೆ ಇಬ್ಬರಿಗೂ ಎಷ್ಟು ಮಾತು! "ತುಂಬಾ ಚೆನ್ನಾಗಿದೆ ಸಿಸ್ಟರ್", "ನಿಮ್ಮ ಟೇಸ್ಟ್ ಸೂಪರ್ ಸಿಸ್ಟರ್", ನನ್ನ ಹೈಟು ಇಷ್ಟು, ಸೊಂಟ ಇಷ್ಟು. ಗೌರಿ ಹಬ್ಬಕ್ಕೆ ಹಾಕ್ಕೋತೀನಿ ಅಂತ ಆ ಹೆಣ್ಣುಮಗಳೇ ಹೇಳಿದ್ದರು.

ಪಾರ್ಸೆಲ್ ಹೋಯಿತು. ಪಾರ್ಸೆಲ್ ಮೇಲೆ ಕಳಿಸಿದವರ ವಿಳಾಸ ಇರುತ್ತಲ್ಲ. ಎ.ಕೆ. ಕಾಲೋನಿ, ಬಿಳಿಗೆರೆ, ತಿಪಟೂರು ತಾಲ್ಲೂಕು. ಪಾರ್ಸೆಲ್ ತಲುಪಿದ ದಿನ ಮಧ್ಯಾಹ್ನ ಒಂದು ಮೆಸೇಜು ಬಂತು: "ಎ.ಕೆ. ಅಂದ್ರೆ ಏನು ಸಿಸ್ಟರ್?"

ನಮ್ಮ ಹುಡುಗಿ ಇದ್ದದ್ದು ಇದ್ದಂಗೆ ಬರೆದಳು, ಆದಿ ಕರ್ನಾಟಕ ಅಂತ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಸಂಜೆ ಆ್ಯಪಿನಿಂದ ನೋಟಿಫಿಕೇಶನ್ ಬಂತು, ನಿಮ್ಮ ವಸ್ತು ರಿಟರ್ನ್ ಆಗುತ್ತಿದೆ. ಕಾರಣ: ಬಣ್ಣ ಫೋಟೋದಲ್ಲಿ ಇದ್ದಂತಿಲ್ಲ.

ಐದು ದಿನಕ್ಕೆ ಪಾರ್ಸೆಲ್ ವಾಪಸ್ ಬಂತು. ಅವಳು ಕಳಿಸೋವಾಗ ಅಂಗಡಿಯಿಂದ ತಂದ ನೀಲಿ ಟೇಪನ್ನ ಮೂರು ಸುತ್ತು ಸುತ್ತಿದ್ದಳು. ಆ ಟೇಪು ಹಂಗೇ ಇತ್ತು. ಒಂದು ಕಡೆನೂ ಕುಯ್ದಿರಲಿಲ್ಲ, ಎದ್ದಿರಲಿಲ್ಲ. ಬಿಚ್ಚದ ಪಾರ್ಸೆಲಿನ ಒಳಗಿನ ಬಟ್ಟೆಯ ಬಣ್ಣ ಆ ತಾಯಿಗೆ ಹೆಂಗೆ ಕಾಣಿಸ್ತು? ಅವರಿಗೆ ಕಾಣಿಸಿದ್ದು ಬೇರೆ ಬಣ್ಣ.

ತಮ್ಮಾ, ನೀನು ಕೇಳಿದ್ದಕ್ಕೆ ಇದು ಉತ್ತರದ ಒಂದು ತುಂಡು. ಇನ್ನೊಂದು ತುಂಡು ಇದಕ್ಕಿಂತ ಖಾರ. ಹದಿನೈದು ದಿನ ಬಿಟ್ಟು ಅವಳು ಅದೇ ಲೆಹೆಂಗಾನ, ಅದೇ ಫೋಟೋ ಹಾಕಿ, ವಿಳಾಸ ಮಾತ್ರ ತಿಪಟೂರು ಬಿ.ಎಚ್. ರಸ್ತೆಯ ಅಂಗಡೀದು ಕೊಟ್ಟು, ಬೆಲೆ 50 ರೂಪಾಯಿ ಜಾಸ್ತಿ ಮಾಡಿ ಮತ್ತೆ ಇಟ್ಟಳು. ಎರಡೇ ದಿನದಲ್ಲಿ ಹೋಯಿತು. ಐದು ಸ್ಟಾರ್ ಬಂತು. ಕೊಂಡವರು ಅದನ್ನುಟ್ಟು ದೇವರ ಮನೆ ಮುಂದೆ ನಿಂತ ಫೋಟೋ ಬೇರೆ ಹಾಕಿದ್ದರು. ನಮ್ಮ ಹುಡುಗಿ ಅದನ್ನ ನನಗೆ ತೋರಿಸಿ ನಗ್ತಾ ಇದ್ದಳು. ನನಗೆ ನಗು ಬರಲಿಲ್ಲ. ನೀನ್ಯಾಕೆ ವಿಳಾಸ ಮುಚ್ಚಿಟ್ಟೆ, ನಾವು ಇಷ್ಟು ವರ್ಷ ಬೀದೀಲಿ ಕೂಗಿದ್ದು ಇದಕ್ಕೇನಾ ಅಂತ ರೇಗಿದೆ. ಅವಳು ಹೇಳಿದ್ದು: "ಮಾವ, ನೀನು ಬರೆದರೆ ನಿನಗೆ ಲೈಕ್ ಬರುತ್ತೆ. ನಾನು ಮಾರಿದರೆ ನನಗೆ ದುಡ್ಡು ಬರಬೇಕು." ಈ ಮಾತಿಗೆ ನನ್ನ ಹತ್ರ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ನಾನು ಗುಮಾಸ್ತ. ಟೇಬಲ್ ಮೇಲೆ ಅರ್ಜಿ ಬಿದ್ದರೆ ಹೆಸರು ನೋಡಿ, ತಂದೆ ಹೆಸರು ನೋಡಿ, ಸೀದಾ ವಿಳಾಸಕ್ಕೆ ಕಣ್ಣು ಹೋಗೋದನ್ನ 20 ವರ್ಷದಿಂದ ನೋಡ್ತಾ ಇದ್ದೀನಿ. ಜಾತಿ ಕಾಲಂ ಕೊನೇಲಿರುತ್ತೆ, ಅಲ್ಲಿಗೆ ಹೋಗೋ ಅವಶ್ಯಕತೆನೇ ಬರಲ್ಲ. ಎ.ಕೆ. ಕಾಲೋನಿ, ಎ.ಡಿ. ಕಾಲೋನಿ, ಜನತಾ ಕಾಲೋನಿ, ಅಂಬೇಡ್ಕರ್ ನಗರ, ಜಗಜೀವನರಾಂ ನಗರ. ಪಂಚಮ ಅನ್ನೋ ಹೆಸರು ಅವಮಾನ ಅಂತ ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮ ಹಿರಿಯರು ಹೋರಾಡಿ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರು ಪಡೆದರು. ಈ ನಾಡಿನ ಮೊದಲ ಜನ ನಾವು ಅನ್ನೋ ಹೆಮ್ಮೆ ಆ ಹೆಸರಲ್ಲಿತ್ತು. ಅದು ಎರಡು ಅಕ್ಷರಕ್ಕೆ ಕುಗ್ಗಿ ಒಂದು ಬೀದಿಯ ಬೋರ್ಡಾಗಿ, ಈಗ ಕೊರಿಯರ್ ಚೀಟಿಯಾಗಿದೆ. ಪಕ್ಕದ ತಮಿಳುನಾಡಲ್ಲಿ 2025ರ ಏಪ್ರಿಲ್‌ನಲ್ಲಿ ಕಾಲೋನಿ ಅನ್ನೋ ಪದವನ್ನೇ ಸರ್ಕಾರಿ ದಾಖಲೆಗಳಿಂದ ತೆಗೀತೀವಿ ಅಂತ ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಘೋಷಿಸಿದರು. ಮಹಾರಾಷ್ಟ್ರದ ಸಂಪುಟ ಜಾತಿ ಹೆಸರಿನ ಕೇರಿಗಳ ಹೆಸರು ಬದಲಿಸೋಕೆ 2020ರಲ್ಲೇ ತೀರ್ಮಾನ ಮಾಡಿತು. ಮಾಡಲಿ, ಒಳ್ಳೇದು. ಆದ್ರೆ ನಾಳೆ ನಮ್ಮ ಕೇರಿಗೆ ಬುದ್ಧನಗರ ಅಂತ ಇಟ್ಟರೆ ನಾಡಿದ್ದು ಬುದ್ಧನಗರ ಅಂದ್ರೇನೇ ಆ ಜನ ಅಂತ ಗೊತ್ತಾಗುತ್ತೆ. ಬೋರ್ಡು ಬದಲಾಯಿಸೋಕೆ ಪೇಂಟರ್ ಸಾಕು, ಓದೋರ ಕಣ್ಣಿಗೆ ಪೇಂಟ್ ಹೊಡೆಯೋಕಾಗಲ್ಲ.

ಈ ಆ್ಯಪುಗಳು ಬಂದ ಮೇಲೆ ಆಗಿರೋ ಬದಲಾವಣೆ ಏನು ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು. ಹಳೇ ಬಟ್ಟೆ ವ್ಯಾಪಾರ ಈ ದೇಶಕ್ಕೆ ಹೊಸದಲ್ಲ. ತಲೆ ಮೇಲೆ ಪಾತ್ರೆ ಬುಟ್ಟಿ ಹೊತ್ತು, ಹಳೇ ಸೀರೆ ಪ್ಯಾಂಟು ಕೊಟ್ಟರೆ ಸ್ಟೀಲ್ ಡಬ್ಬಿ ಕೊಡ್ತೀವಿ ಅಂತ ಕೂಗಿಕೊಂಡು ಬರೋ ಹೆಂಗಸರನ್ನ ನೀವೆಲ್ಲ ನೋಡಿದ್ದೀರಿ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತಿನಿಂದ ಬಂದ ವಾಘ್ರಿ ಸಮುದಾಯದ ಹೆಂಗಸರು ಹಿಂಗೇ ಮನೆಮನೆ ತಿರುಗಿ ತಂದ ಬಟ್ಟೆಗೆ ಬೆಳಗಿನ ಜಾವವೇ ದೊಡ್ಡ ಸಂತೆ ಸೇರುತ್ತೆ. ನಮ್ಮ ಬೆಂಗಳೂರಿನ ಸಂಡೇ ಬಜಾರಲ್ಲಿ ರಸ್ತೆ ಮೇಲೆ ಗುಡ್ಡೆ ಹಾಕಿ ಮಾರ್ತಾರೆ. ಆ ಗುಡ್ಡೆಗೆ ವಿಳಾಸ ಇಲ್ಲ. ಯಾರ ಮೈಮೇಲಿದ್ದ ಅಂಗಿ ಅಂತ ಯಾರೂ ಕೇಳಲ್ಲ. ನಾಲ್ಕು ಕೈ ದಾಟಿ, ಒಗೆದು, ಇಸ್ತ್ರಿಯಾಗಿ ಬಂದಿರುತ್ತೆ. ಹುಟ್ಟಿದ ಮನೆ ಅಳಿಸಿಹೋಗಿರೋದರಿಂದಲೇ ಅದು ಎಲ್ಲರ ಮೈಗೂ ಏರುತ್ತೆ. ಅಷ್ಟೂ ಮೈಲಿಗೆಯನ್ನ ಮಧ್ಯದಲ್ಲಿರೋ ಆ ಹೆಂಗಸರು ತಮ್ಮ ತಲೆ ಮೇಲೆ ಹೊತ್ತುಕೊಂಡಿರ್ತಾರೆ, ಅದು ಬೇರೆ ಮಾತು.

ಆ್ಯಪು ಮಾಡಿದ್ದು ಇದರ ಉಲ್ಟಾ. ಬೆಂಗಳೂರಲ್ಲೇ 2015ರಲ್ಲಿ ಹುಟ್ಟಿದ ಮೀಶೋ ಹೊಸ ಬಟ್ಟೆಯನ್ನ ಮನೆ ಹೆಂಗಸರ ವಾಟ್ಸಾಪಿನಿಂದಲೇ ಮಾರಿಸಿ ದೊಡ್ಡದಾಯ್ತು. ಅಂಗಡಿಯವನನ್ನ ನಂಬಬೇಡ, ಪಕ್ಕದ ಮನೆ ಅಕ್ಕನನ್ನ ನಂಬು ಅನ್ನೋದೇ ಆ ವ್ಯಾಪಾರದ ಗುಟ್ಟು. 2020ರ ಲಾಕ್‌ಡೌನಲ್ಲಿ ಇನ್‌ಸ್ಟಾಗ್ರಾಮ್ ತುಂಬ ಥ್ರಿಫ್ಟ್ ಅಂಗಡಿಗಳು ಎದ್ದವು. ಅಮೆರಿಕದ ಪಾಶ್‌ಮಾರ್ಕ್ 2021ರಲ್ಲಿ ನಮ್ಮ ದೇಶಕ್ಕೆ ಬಂದು 2023ರಲ್ಲಿ ಗಂಟು ಮೂಟೆ ಕಟ್ಟಿತು. ಅದು ಹೋದರೂ ಅಭ್ಯಾಸ ಉಳೀತು. ಇಲ್ಲೆಲ್ಲ ಬಟ್ಟೆಗಿಂತ ಮುಂಚೆ ಮಾರೋರನ್ನ ತೋರಿಸ್ತಾರೆ. ಅವರ ಮುಖ, ಅವರ ಬೀರು, ಅವರ ಮನೆ ಗೋಡೆ. ಅವರನ್ನ ಫಾಲೋ ಮಾಡಿ, ಮಾತಾಡಿ, ಸಿಸ್ಟರ್ ಅಂದು ಆಮೇಲೆ ಕೊಳ್ಳಬೇಕು. ವ್ಯಾಪಾರಕ್ಕೆ ಬೇಕಾದ ನಂಬಿಕೆ ನೀವು ಯಾರು ಅನ್ನೋದರ ಮೇಲೆ ನಿಂತ ಮೇಲೆ, ಈ ದೇಶದಲ್ಲಿ ನೀವು ಯಾರು ಅನ್ನೋ ಪ್ರಶ್ನೆಗೆ ಇರೋದು ಒಂದೇ ಅರ್ಥ. ನಿನ್ನ ಆಫೀಸಿನ ಹುಡುಗಿ ಯಾರೋ ಉಟ್ಟು ಬಿಟ್ಟದ್ದನ್ನ ಹಾಕ್ಕೊಂಡು ಬರ್ತಾಳೆ ಅಂದೆಯಲ್ಲ ತಮ್ಮಾ, ಆ ಯಾರೋ ಯಾರು ಅಂತ ಒಂದು ಸಲ ಕೇಳಿ ನೋಡು. ಅವಳಿಗೆ ಗೊತ್ತಿರುತ್ತೆ.

ಇನ್ನು ಭಾಷೆ ನೋಡಿ. ಆ್ಯಪಲ್ಲಿ ಹಳೇ ಬಟ್ಟೆಗೆ ಹಳೇದು ಅನ್ನಲ್ಲ. ಪ್ರೀ-ಲವ್ಡ್ ಅಂತಾರೆ. ಅಂದ್ರೆ ಈ ಮುಂಚೆ ಯಾರೋ ಪ್ರೀತಿಸಿದ್ದು! ನಮ್ಮವ್ವ ಗೌಡ್ರ ಮನೆಯಿಂದ ಸೆರಗಲ್ಲಿ ಕಟ್ಕೊಂಡು ಬಂದ ಬಟ್ಟೆನ ಯಾರೂ ಹಿಂಗೆ ಕರೀಲಿಲ್ಲ.

ಅದನ್ನ ಹೇಳಲೇಬೇಕು. ನಮ್ಮವ್ವ ಅವರ ಮನೆ ಕೊಟ್ಟಿಗೆ ಕೆಲಸಕ್ಕೆ ಹೋಗೋಳು. ನಮ್ಮಪ್ಪ ಕಾಯಿ ಸುಲಿಯೋಕೆ. ಕಾಯಿ ಸುಲಿಯೋರ ಬಟ್ಟೆ ನೋಡಿದ್ದೀರಲ್ಲ, ಹಸಿ ಮಟ್ಟೆಯ ಕರೆ ಹತ್ತಿದರೆ ಜನ್ಮಕ್ಕೆ ಹೋಗಲ್ಲ. ಹಂಗಾಗಿ ಬಟ್ಟೆ ಯಾವಾಗಲೂ ಸಾಲದು. ವರ್ಷಕ್ಕೊಂದು ಸಲ, ಉಗಾದಿ ಹಿಂದಿನ ದಿನ, ಆ ಮನೆ ಅಜ್ಜಿ ಜಗಲಿ ಮೇಲೆ ನಿಂತು ಹಳೇ ಬಟ್ಟೆ ಬಿಡೋರು. ಕೊಡೋರು ಅಂತ ಹೇಳ್ತಾ ಇಲ್ಲ, ಬಿಡೋರು. ಕೆಳಗೆ ನಮ್ಮವ್ವ ಸೆರಗೊಡ್ಡಿ ನಿಂತಿರೋಳು. ಅವರ ಮನೆ ಹುಡುಗರ ಅಂಗಿ ನನಗೆ ಬರ್ತಾ ಇತ್ತು. ಒಳ್ಳೆ ಅಂಗಿಗಳೇ. ಆದ್ರೆ ಒಂದರಲ್ಲೂ ಗುಂಡಿ ಇರ್ತಿರಲಿಲ್ಲ. ಕೊಡೋಕೆ ಮುಂಚೆ ಆ ಅಜ್ಜಿ ಕೂತು ಕತ್ತರಿ ತಗೊಂಡು ಒಂದೊಂದೇ ಗುಂಡಿ ಕಿತ್ತು ಡಬ್ಬಿಗೆ ಹಾಕೋರು. ಮನೇಲಿ ಬಳಕೆಗೆ ಬರುತ್ತಲ್ಲ. ನಮ್ಮವ್ವನಿಗೆ ಗುಂಡಿ ಕೊಳ್ಳೋಕೆ ದುಡ್ಡಿರಲಿಲ್ಲ, ಪಿನ್ನು ಚುಚ್ಚೋಳು. ಐದನೇ ಕ್ಲಾಸಿನವರೆಗೂ ನಾನು ಪಿನ್ನಿನ ಅಂಗಿಯಲ್ಲೇ ಸ್ಕೂಲಿಗೆ ಹೋದೆ. ಕಬಡ್ಡಿ ಆಡೋವಾಗ ಪಿನ್ನು ಬಿಚ್ಚಿ ಎದೆಗೆ ಚುಚ್ಚೋದು.

ಆ ಅಜ್ಜಿ ಕೆಟ್ಟವರೇನಲ್ಲ. ನಮ್ಮವ್ವ ಕಾಯಿಲೆ ಬಿದ್ದಾಗ ಆಸ್ಪತ್ರೆ ಖರ್ಚು ಕೊಟ್ಟವರು. ಅವರ ಮನಸ್ಸಿನಲ್ಲಿ ಇದು ಲೆಕ್ಕಕ್ಕೇ ಬರೋ ವಿಷಯ ಆಗಿರಲಿಲ್ಲ. ಬೆಲೆ ಇರೋ ಭಾಗ ಮನೇಲಿ ಉಳೀಬೇಕು, ಬೆಲೆ ಇಲ್ಲದ್ದು ಕೇರಿಗೆ ಹೋಗಬೇಕು, ಅದು ಲೋಕದ ರೀತಿ.

ಈ ರೀತಿ ಎಷ್ಟು ಹಳೇದು ಅಂದ್ರೆ ಬರೆದೇ ಇಟ್ಟಿದ್ದಾರೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರಿಗೆ ಉಡುಪು ಅಂತ ಗೊತ್ತು ಮಾಡಿರೋದು ಹೆಣದ ಮೇಲಿನ ಬಟ್ಟೆ. ಅದೇ ಅಧ್ಯಾಯದಲ್ಲಿ ಸೇವೆ ಮಾಡೋ ಶೂದ್ರನಿಗೆ ಏನು ಕೊಡಬೇಕು ಅಂತಲೂ ಇದೆ, ಉಂಡು ಉಳಿದ ಅನ್ನ, ಉಟ್ಟು ಹಳೇದಾದ ಬಟ್ಟೆ. ಸಂಬಳದ ಮಾತಿಲ್ಲ, ಉಳಿದದ್ದೇ ಸಂಬಳ. ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೋ ಅನ್ನೋ ದೊಡ್ಡ ಹಳೇ ಬಟ್ಟೆ ಮಾರುಕಟ್ಟೆ ಇದೆ. ಯುರೋಪು ಅಮೆರಿಕದವರು ಬಿಟ್ಟ ಬಟ್ಟೆ ಹಡಗಿನಲ್ಲಿ ಅಲ್ಲಿಗೆ ಬಂದು ಬೀಳುತ್ತೆ. ಅಲ್ಲಿನ ಜನ ಆ ಬಟ್ಟೆಗೆ ಇಟ್ಟಿರೋ ಹೆಸರಿನ ಅರ್ಥ, ಸತ್ತ ಬಿಳಿಯರ ಬಟ್ಟೆ. ಬದುಕಿರೋ ಮನುಷ್ಯ ಇಷ್ಟು ಒಳ್ಳೆ ಬಟ್ಟೆ ಬಿಸಾಕ್ತಾನಾ, ಸತ್ತಿರಬೇಕು ಅಂತ. ಇದನ್ನ ಓದಿದಾಗ ನನಗೆ ಮನು ನೆನಪಾದ.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಪುಸ್ತಕ ಸುಟ್ಟರಲ್ಲ, ಅದು ನಮಗೆಲ್ಲ ಬಾಯಿಪಾಠ. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನ ಕೂರಿಸಿಕೊಂಡು ಮಾತಾಡಿದ್ದು ಏನು ಅನ್ನೋದು ಕಡಿಮೆ ಜನಕ್ಕೆ ನೆನಪಿರುತ್ತೆ. ಅವರು ಮಾತಾಡಿದ್ದು ಸೀರೆ ಬಗ್ಗೆ. ನೋಡಿದ ತಕ್ಷಣ ಇವಳು ಅಸ್ಪೃಶ್ಯಳು ಅಂತ ಗುರುತು ಹಿಡಿಯೋ ಹಾಗೆ ಉಡಬೇಡಿ, ಮಿಕ್ಕ ಹೆಂಗಸರು ಉಡುವ ಹಾಗೆ ಉಡಿ, ಹರಿದಿದ್ದರೂ ಮಡಿಯಾಗಿರಲಿ ಅನ್ನೋ ಅರ್ಥದಲ್ಲಿ. ಅಷ್ಟು ದೊಡ್ಡ ಹೋರಾಟದ ನಡುವೆ ಸೀರೆ ಮಾತು ಯಾಕೆ ಬಂತು? ಇಂದೋರ್ ಸೀಮೆಯ ಬಲಾಯಿ ಜನಕ್ಕೆ ಅಲ್ಲಿನ ಸವರ್ಣರು 1928ರ ಹೊತ್ತಿಗೆ ಹಾಕಿದ ಕಟ್ಟಳೆಗಳನ್ನ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಕೊಟ್ಟಿದ್ದಾರೆ, ಓದಿ ನೋಡಿ. ಜರಿ ಅಂಚಿನ ಪೇಟ ಕಟ್ಟಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು. ಬಟ್ಟೆಯ ಅಂಚಿಗೂ ಕಾನೂನು ಮಾಡಿದ ದೇಶ ಇದು. ಆ ಮನುಷ್ಯ ಸಾಯೋವರೆಗೂ ಕೋಟು ಟೈ ಬಿಡದೆ ಇದ್ದದ್ದು ಶೋಕಿಗಲ್ಲ. ಅವರು ತೀರಿಹೋದ ದಿನ, ಅವರ ಫೋಟೋ ಕೆಳಗೆ, ಇನ್ನೊಬ್ಬರು ಉಟ್ಟು ಬಿಟ್ಟ ಬಟ್ಟೆಯನ್ನ ನಮ್ಮ ಕೇರಿಗೆ ಹಂಚೋದಾ? ಯಾರ ತಲೆಗೆ ಹೊಳೀತು ಇದು?

ಇಷ್ಟಕ್ಕೂ ಹಂಚೋದು ಏನನ್ನ? ಹೋದ ವರ್ಷ ಇಂಥದೇ ಒಂದು ಸಂಗ್ರಹ ಮಾಡಿದ್ರಲ್ಲ, ಆಗ ಮೂಟೆ ಬಿಚ್ಚಿ ವಿಂಗಡಿಸೋಕೆ ನಾನೂ ಕೂತಿದ್ದೆ. ಒಂದು ಕುರ್ತಾದ ಕಾಲರಿಗೆ ಸಣ್ಣ ಚೀಟಿ ಪಿನ್ನು ಮಾಡಿತ್ತು. ಎಲ್ ಸೈಜ್, 350. ಅದರ ಕೆಳಗೆ 350 ಹೊಡೆದು 200. ಅದನ್ನೂ ಹೊಡೆದು 120. ಅರ್ಥ ಆಯ್ತಲ್ಲ? ಕೊಟ್ಟವರು ಅದನ್ನ ಮೊದಲು ಆ್ಯಪಲ್ಲಿ ಮಾರೋಕೆ ನೋಡಿದ್ದಾರೆ. 350ಕ್ಕೆ ಹೋಗಲಿಲ್ಲ, 200ಕ್ಕೂ ಹೋಗಲಿಲ್ಲ, 120ಕ್ಕೂ ಯಾರೂ ಕೊಳ್ಳಲಿಲ್ಲ. ಆಗ ಅವರಿಗೆ ನಮ್ಮ ನೆನಪಾಯಿತು. ಅಜ್ಜಿ ಗುಂಡಿ ಕಿತ್ಕೊಳ್ತಿದ್ದರು. ಈಗ ಗುಂಡಿ ಕೀಳೋ ಕೆಲಸ ಆ್ಯಪು ಮಾಡುತ್ತೆ. ಬೆಲೆ ಬರೋದೆಲ್ಲ ಮೇಲೆ ಮಾರಾಟ ಆಗಿ, ಯಾರಿಗೂ ಬೇಡದ್ದು ಕೆಳಗೆ ಪ್ರೀತಿ ಕಾಳಜಿ ಪರಿಸರ ಅಂತ ಬರುತ್ತೆ. ಮೊದಲಾದರೂ ಹಳೇ ಬಟ್ಟೆ ಜೊತೆ ಒಂದಷ್ಟು ಒಳ್ಳೆ ಬಟ್ಟೆ ಕೇರಿಗೆ ಬರ್ತಿತ್ತು, ಈಗ ಅದೂ ಇಲ್ಲ. ಕೊಬ್ಬರಿ ಕ್ವಿಂಟಾಲಿಗೆ 20,000 ದಾಟಿದ 2025ರಲ್ಲಿ ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳ ಬೀರು ಹೊಸದಾಯ್ತೋ, ಆ ಬೀರುಗಳ ಹಳೇ ಸರಕು ಈ ಡಿಸೆಂಬರಲ್ಲಿ ನಮ್ಮ ಸಂಘದ ರೂಮಿಗೆ ಬಂದು ಬೀಳೋಕೆ ತಯಾರಾಗಿದೆ.

ಒಂದು ಮಾತು ಬರುತ್ತೆ ಅಂತ ಗೊತ್ತು. ಸೆಕೆಂಡ್ ಹ್ಯಾಂಡ್ ಬಟ್ಟೆ ಅಂದ್ರೆ ಯಾರಿಗಾದರೂ ಸ್ವಲ್ಪ ಹಿಂಜರಿಕೆ ಇರುತ್ತೆ, ಬೆವರು, ಚರ್ಮದ ಕಾಯಿಲೆ, ಎಲ್ಲದಕ್ಕೂ ಜಾತಿ ಹಚ್ಚಬೇಡಿ ಅಂತ. ಸ್ವಾಮೀ, ಆ ಹೆಣ್ಣುಮಗಳು ಹಳೇದು ಅಂತ ಗೊತ್ತಿದ್ದೇ ಕೊಂಡಿದ್ದು. ಬೆವರಿನ ಹೆದರಿಕೆ ಹಣ ಕಟ್ಟೋವಾಗ ಇರಲಿಲ್ಲ, ವಿಳಾಸ ಓದಿದ ಮೇಲೆ ಬಂತು. ನಮ್ಮ ಕೇರಿ ಹುಡುಗರ ಹಳೇ ಬೈಕನ್ನ ಯಾರು ಬೇಕಾದರೂ ಕೊಳ್ತಾರೆ. ಹಳೇ ಮೊಬೈಲನ್ನ ಕಿವಿಗೆ ಇಟ್ಕೋತಾರೆ. ನಮ್ಮಪ್ಪ ಸುಲಿದ ಕಾಯಿ ದೇವರ ಮುಂದೆ ಒಡೀತಾರೆ, ನಾವು ಮುಟ್ಟಿದ ಕೊಬ್ಬರಿ ಹೋಳಿಗೆಗೆ ಬೀಳುತ್ತೆ. ಬಟ್ಟೆಗೆ ಬಂದಾಗ ಮಾತ್ರ ಕೈ ಹಿಂದಕ್ಕೆ ಹೋಗುತ್ತೆ. ಅದು ಮೈ ಮುಟ್ಟುತ್ತಲ್ಲ.

ಕಾನೂನು ಏನು ಮಾಡುತ್ತೆ ಅಂತ ಕೇಳ್ತೀರಿ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 6ನೇ ಕಲಂ ಪ್ರಕಾರ ಅಸ್ಪೃಶ್ಯತೆ ಕಾರಣಕ್ಕೆ ನಮಗೆ ವಸ್ತು ಮಾರಲ್ಲ ಅನ್ನೋದು ಅಪರಾಧ. ಮಾರಲ್ಲ ಅನ್ನೋದು. ನಮ್ಮಿಂದ ಕೊಳ್ಳಲ್ಲ ಅನ್ನೋದು ಅದರಲ್ಲಿಲ್ಲ. ಆ ಕಾನೂನು ಬರೆಯೋ ಹೊತ್ತಿಗೆ ನಾವು ಮಾರೋ ಕಡೆ ನಿಲ್ತೀವಿ ಅಂತ ಯಾರೂ ಅಂದುಕೊಂಡಿರಲಿಲ್ಲವೇನೋ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಆರ್ಥಿಕ ಬಹಿಷ್ಕಾರ ಸೇರಿದೆ, ವ್ಯವಹಾರ ಮಾಡಲ್ಲ ಅನ್ನೋದೂ ಅದರೊಳಗೆ ಬರುತ್ತೆ. ಸರಿ, ಆದ್ರೆ ಸಾಬೀತು ಮಾಡೋದು ಹೆಂಗೆ? ಹಾಲಿನ ಡೈರಿ ಮುಂದೆ ಕ್ಯಾನು ತಳ್ಳಿದರೆ ಹತ್ತು ಜನ ನೋಡ್ತಾರೆ. ಇಲ್ಲಿ ರಿಟರ್ನ್ ಬಟನ್ ಒತ್ತಿದರೆ ಆ್ಯಪು ತಾನೇ ಐದಾರು ಸಭ್ಯ ಕಾರಣ ಮುಂದೆ ಇಡುತ್ತೆ. ಸೈಜ್ ಸರಿ ಇಲ್ಲ, ಬಣ್ಣ ಬೇರೆ, ಗುಣಮಟ್ಟ ಕಡಿಮೆ. ಒಂದನ್ನ ಆರಿಸಿದರೆ ಮುಗೀತು. ಜಾತಿ ಅನ್ನೋ ಕಾರಣ ಆ ಪಟ್ಟೀಲಿ ಇಲ್ಲ, ಹಂಗಾಗಿ ಆ್ಯಪಿನ ಲೆಕ್ಕದಲ್ಲಿ ಈ ದೇಶದಲ್ಲಿ ಜಾತಿಗೆ ಒಂದು ಪಾರ್ಸೆಲ್ಲೂ ವಾಪಸ್ ಬಂದಿಲ್ಲ.

ನಮ್ಮೊಳಗಿನದನ್ನೂ ಹೇಳದೆ ಹೋದರೆ ಇದೆಲ್ಲ ಬರೀ ಬೈಗುಳ ಆಗುತ್ತೆ. ಗೌಡ್ರ ಮನೆಯಲ್ಲಿ ಉಟ್ಟು ಬಿಟ್ಟ ಸೀರೆಯನ್ನ ಉಟ್ಟ ನಮ್ಮವ್ವ, ಎಡಗೈ ಸಂಬಂಧದವರ ಮನೆ ಮದುವೇಲಿ ಮಡಿಲಿಗೆ ಹಾಕಿದ ಹೊಸಾ ಸೀರೆಯನ್ನ ಉಡಲಿಲ್ಲ. ಪೆಟ್ಟಿಗೇಲಿಟ್ಟು, ಕೊನೆಗೆ ಯಾರಿಗೋ ಕೊಟ್ಟಳು. ನಾನು ಆಗ ಡಿಗ್ರಿ ಓದ್ತಿದ್ದೆ, ದಸಂಸ ಅಧ್ಯಯನ ಶಿಬಿರಕ್ಕೆ ಹೋಗಿ ಬಂದಿದ್ದೆ, ಆದರೂ ಅವ್ವನಿಗೆ ಒಂದು ಮಾತು ಕೇಳಲಿಲ್ಲ. ಹಳೇ ಬಟ್ಟೆ ಮೇಲಿಂದ ಕೆಳಗೆ ಹರಿಯುತ್ತೆ ಅಂತ ಇಷ್ಟು ಹೊತ್ತು ಕೂಗಿದೆನಲ್ಲ, ಕೆಳಗೆ ನಿಂತಿರೋ ನಾವೂ ನಮಗಿಂತ ಕೆಳಗೆ ಒಂದು ಮೆಟ್ಟಿಲು ಕಟ್ಕೊಂಡಿದ್ದೀವಿ. ಗ್ರೂಪಲ್ಲಿ ಎರಡೂ ಕಡೆಯವರು ಇದ್ದೀರಿ, ಇದಕ್ಕೂ ಬೈಯೋರು ಬೈಯಬಹುದು.

ಇನ್ನು ಚಳಿ. ಮಕ್ಕಳು ನಡುಗ್ತವೆ ಅನ್ನೋದು ನಿಜ, ಅದಕ್ಕೆ ಚಪ್ಪಾಳೆ ಹೊಡೆದವರ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಎತ್ತೋಣ, ಹೊಸ ರಗ್ಗು ತರೋಣ, ನನ್ನ ಪಾಲು ಮೊದಲು ಬರೆಯಿರಿ. ನಗಬೇಡಿ, ಆ ಹೊಸ ರಗ್ಗಿನಲ್ಲೂ ಹಳೇ ಬಟ್ಟೆ ಇರಬಹುದು ಅಂತ ನನಗೆ ಗೊತ್ತು. ಹೊರದೇಶದ ಹಳೇ ಉಣ್ಣೆ ಬಟ್ಟೆಯನ್ನ ಕತ್ತರಿಸಿ ಚಿಂದಿ ಮಾಡಿ ತಂದು, ಹರಿಯಾಣದ ಪಾಣಿಪತ್‌ನಲ್ಲಿ ಬಣ್ಣಬಣ್ಣಕ್ಕೆ ವಿಂಗಡಿಸಿ, ಮತ್ತೆ ನೂಲು ತೆಗೆದು ರಗ್ಗು ನೇಯ್ತಾರೆ. ನೆರೆ ಬಂದಾಗ, ಭೂಕಂಪ ಆದಾಗ ಹಂಚೋ ಅಗ್ಗದ ರಗ್ಗುಗಳು ಬಹಳಷ್ಟು ಅಲ್ಲಿಯವೇ. ಅದನ್ನ ಹೊದೆಯೋಕೆ ನನ್ನದೇನೂ ತಕರಾರಿಲ್ಲ. ನನಗೆ ಹಳೇ ನೂಲಿನ ಮೇಲೆ ಸಿಟ್ಟಿಲ್ಲ. ಅದು ಕೂಲಿ ಕೊಟ್ಟು ನೇಯಿಸಿದ್ದು, ಬಿಲ್ಲಿನ ಜೊತೆ ಬರುತ್ತೆ, ನಾನು ಕಾಸು ಕೊಟ್ಟು ಕೈಯಿಂದ ಕೈಗೆ ತಗೋತೀನಿ. ಸೆರಗೊಡ್ಡಲ್ಲ. ಗೂಂಜ್ ಸಂಸ್ಥೆಯ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಬಂತಲ್ಲ, ಅವರು ದೇಶದ ತುಂಬ ಹಳೇ ಬಟ್ಟೆ ಸಂಗ್ರಹ ಮಾಡೋರೇ. ಅವರೂ ಅದನ್ನ ಪುಕ್ಕಟೆ ದಾನ ಅಂತ ಹಂಚದೆ, ಊರಿನ ಜನ ಕೆರೆ ಬಾವಿ ರಸ್ತೆ ಕೆಲಸ ಮಾಡಿಕೊಂಡರೆ ಅದರ ಲೆಕ್ಕಕ್ಕೆ ಕೊಡೋ ಪದ್ಧತಿ ಮಾಡಿದರು. ದಾನದಲ್ಲಿ ಅವಮಾನ ಇದೆ ಅಂತ ಅವರಿಗೇ ಹೊಳೆದ ಮೇಲೆ ನಮಗೆ ಹೊಳೀಬೇಡವಾ?

ಈಗ ನಮ್ಮ ಹುಡುಗಿ ಮಾತಿಗೆ ಬರ್ತೀನಿ. ಸಂಘದ ರೂಮಲ್ಲಿ ಈಗಾಗಲೇ ಒಂಬತ್ತು ಮೂಟೆ ಬಂದು ಬಿದ್ದಿವೆ. ಏನು ಮಾಡೋದು ಅಂತ ಮನೇಲಿ ಗೊಣಗ್ತಾ ಇದ್ದೆ. "ಒಳ್ಳೇವು ಇದ್ದರೆ ತೆಗೆದಿಡು ಮಾವ, ನಾನು ಆ್ಯಪಿಗೆ ಹಾಕಿ ಮಾರಿಕೊಡ್ತೀನಿ. ಅದರ ದುಡ್ಡಲ್ಲಿ ನೀವು ಏನಾದರೂ ಹೊಸದು ತಗೊಳ್ಳಿ" ಅಂದಳು. ಯಾವ ವಿಳಾಸದಿಂದ ಕಳಿಸ್ತೀಯ ಅಂದೆ. "ನಿಮ್ಮ ಸಂಘದ ಬಟ್ಟೆ ಎ.ಕೆ. ಕಾಲೋನಿಯಿಂದಲೇ ಹೋಗಲಿ. ನನ್ನ ಬಟ್ಟೆ ಮಾತ್ರ ಬಿ.ಎಚ್. ರಸ್ತೆಯಿಂದ ಹೋಗುತ್ತೆ. ಹೋರಾಟ ನಿಮ್ಮದು, ನೀವೇ ಮಾಡಿ. ಎಷ್ಟು ವಾಪಸ್ ಬರ್ತವೆ ನಾನು ಲೆಕ್ಕ ಇಟ್ಟುಕೊಡ್ತೀನಿ." ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ಅವಳು ಹೇಳಿದ್ದೇ ನ್ಯಾಯ. 21 ವರ್ಷದ ಹುಡುಗಿ ತನ್ನ 1,400 ರೂಪಾಯಿಗೋಸ್ಕರ ಎದೆ ಕೊಟ್ಟು ನಿಲ್ಲಬೇಕು ಅಂತ ಕೇಳೋಕೆ ನಾನ್ಯಾರು? ಆ ವಿಳಾಸದ ಭಾರ ಹೊರೋಕೆ ಸಂಘ ಇರೋದು.

ಹಂಗಾಗಿ ನನ್ನ ಪ್ರಸ್ತಾಪ ಇಷ್ಟು. ಪೋಸ್ಟರ್ ವಾಪಸ್ ತಗೊಳ್ಳಿ. ಮೂಟೆ ಕೊಟ್ಟವರಿಗೆಲ್ಲ ನಾನೇ ಫೋನ್ ಮಾಡಿ ವಿಷಯ ಹೇಳ್ತೀನಿ, ಮಾರೋಕೆ ಒಪ್ಪದವರು ಬಂದು ತಮ್ಮ ಮೂಟೆ ತಗೊಂಡು ಹೋಗಲಿ. ಒಪ್ಪಿದವರ ಬಟ್ಟೆ ಕಾಲೋನಿ ವಿಳಾಸ ದಪ್ಪಕ್ಷರದಲ್ಲಿ ಬರೆದೇ ಹೋಗಲಿ. ವಾಪಸ್ ಬಂದ ಪ್ರತಿಯೊಂದು ಪಾರ್ಸೆಲ್ ಬಿಚ್ಚೋಕೆ ಮುಂಚೆ ಟೇಪಿನ ಫೋಟೋ ತೆಗೆದು, ಆ್ಯಪು ತೋರಿಸಿದ ಕಾರಣದ ಸ್ಕ್ರೀನ್‌ಶಾಟ್ ಜೊತೆ ಒಂದು ರಿಜಿಸ್ಟರ್‌ನಲ್ಲಿ ಅಂಟಿಸೋಣ. ರಿಜಿಸ್ಟರ್ ಬರೆಯೋದು ನನಗೆ ಬಿಡಿ, ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ. ಒಂದೇ ಪಾರ್ಸೆಲ್ ಹಿಡ್ಕೊಂಡು ಹೋದರೆ ಆಕಸ್ಮಿಕ ಅಂತಾರೆ. ಬಿಚ್ಚದೇ ವಾಪಸ್ ಬಂದದ್ದು 40 ಆದರೆ ಆ ಆ್ಯಪಿನವರೂ, ಜಿಲ್ಲಾಡಳಿತವೂ, ನಮ್ಮ ವಕೀಲ ಗೆಳೆಯರೂ ಕೂತು ಮಾತಾಡಲೇಬೇಕಾಗುತ್ತೆ.

ಭಾನುವಾರ ಬೆಳಗ್ಗೆ 10ಕ್ಕೆ ಸಂಘದ ರೂಮಲ್ಲಿ ಮೂಟೆ ಬಿಚ್ತೀವಿ. ಒಂದು ಮೂಟೆ ನಿನ್ನೆನೇ ಬಿಚ್ಚಿ ನೋಡಿದೆ, 11 ಅಂಗಿಯಲ್ಲಿ ನಾಲ್ಕಕ್ಕೆ ಗುಂಡಿ ಇಲ್ಲ. ಸೂಜಿ ದಾರ ನಾನು ತರ್ತೀನಿ. ಬರೋರು ಗುಂಡಿ ತನ್ನಿ.

ಜೈ ಭೀಮ್.